ಫಿಲ್ಕಿನ್ಸನ ಮುಖ

ಲಾಯ್ಡ್ ಬಾಯಿ ತುಂಬಾ ಡೋನಟ್ ತುಂಬಿಕೊಂಡು ತನ್ನ ಮಾತಿಗೆ ತಾನೇ ನಕ್ಕು ತಲೆಯನ್ನು ಹಿಂದಕ್ಕೆ ಚೆಲ್ಲಿದಾಗ, ತಾನು ಕಂಚಿನಲ್ಲಿ ಮಾಡಿಕೊಟ್ಟದ್ದು ಯಾರ ಮುಖವೆಂದು ಲೆನೋರಾಳಿಗೆ ತಿಳಿಯಿತು. ಕಾಫಿಯ ಪಾತ್ರೆಯನ್ನು ಒಲೆಯ ಮೇಲಿಡಲು ಹೋದವಳು ಅಂಚಿಗಿಟ್ಟಳು, ಅದು ವಾಲಿತು, ಹಿಡಿಯಲು ಹೋಗಿ ಬೆರಳು ಸುಟ್ಟುಕೊಂಡಳು. ಲಾಯ್ಡ್ ಅವಳ ಗಂಡನ ತಮ್ಮ. ಮಧ್ಯಾಹ್ನದ ಸಮಾರಂಭಕ್ಕೆಂದು ಅವರ ಗ್ಯಾರೇಜಿನಲ್ಲಿದ್ದ ಮಡಿಸುವ ಕುರ್ಚಿಗಳನ್ನು ಟ್ರಕ್ಕಿಗೆ ಹೇರಿಕೊಳ್ಳಲು ಬಂದವನು, ಯಾವತ್ತಿನಂತೆ ನೇರ ಅಡುಗೆಮನೆಗೇ ನುಗ್ಗಿ, ಯಾವತ್ತಿನಂತೆ ಕೇಳದೆ ಕೈಹಾಕಿ ತಿನ್ನುತ್ತ ನಿಂತಿದ್ದ. ಎತ್ತಿದ ಗದ್ದ, ಬಿಗಿದ ಕತ್ತಿನ ನರ, ದವಡೆಯ ಮೂಳೆ ಕಿವಿಯ ಕೆಳಗೆ ಹೋಗಿ ಮರೆಯಾಗುವಲ್ಲಿ ಒಂದು ಸಣ್ಣ ತಗ್ಗು. ಆ ತಗ್ಗನ್ನು ಅವಳ ಹೆಬ್ಬೆರಳು ಬಲ್ಲದು. ಜೂನ್ ತಿಂಗಳ ಒಂದು ಮಧ್ಯಾಹ್ನ ಮಣ್ಣಿನಲ್ಲಿ ಅದನ್ನು ಒತ್ತಿದಾಗ, ಎಷ್ಟೋ ವರ್ಷಗಳಿಂದ ಕಳೆದುಹೋಗಿದ್ದ ಏನೋ ಕೈಗೆ ಸಿಕ್ಕಂತಾಗಿ ಅವಳಿಗೆ ವಿನಾಕಾರಣ ಅಳು ಬಂದಿತ್ತು.

"ಏನು ಹಂಗೆ ನೋಡ್ತಿದೀಯ? ಮೂಗಿಗೆ ಸಕ್ಕರೆ ಮೆತ್ತಿದೆಯಾ?" ಲಾಯ್ಡ್ ಕೇಳಿದ.

"ಇಲ್ಲ. ಬಿಸಿಲು ಕಣ್ಣಿಗೆ ಬಡೀತು," ಅಂದಳು.

ಹಿತ್ತಿಲ ಬಾಗಿಲ ಬಳಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಕೂತಿದ್ದ ಅವಳ ಗಂಡ ಹೋಬರ್ಟ್ ತಲೆಯೆತ್ತಿ ಕಿಟಕಿಯನ್ನು ನೋಡಿದ. ನವೆಂಬರಿನ ಆಕಾಶ ಬೂದಿ ಬಳಿದಂತಿತ್ತು. ಬೆಳಗಿನಿಂದ ಬಿಸಿಲು ಬಂದಿರಲೇ ಇಲ್ಲ. ಅವನು ಮತ್ತೆ ಲಾಡಿಯ ಕಡೆ ಬಗ್ಗಿದ. ಅಣ್ಣತಮ್ಮಂದಿರು ಕುರ್ಚಿ ಹೊರುವ ಸದ್ದು, ಲಾಯ್ಡ್ ಏನೋ ಹಾಸ್ಯ ಮಾಡಿದ್ದು, ಹೋಬರ್ಟ್ ಎಂದಿನಂತೆ ಮೂಗಿನಲ್ಲಿ ಮಾತ್ರ ನಕ್ಕದ್ದು, ಎಲ್ಲ ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು. ಸುಟ್ಟ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಳು. ಇನ್ನೇನು ಮಧ್ಯಾಹ್ನವಾಗುತ್ತದೆ. ಫೈರ್ ಸ್ಟೇಷನ್ನಿನ ಹಿಂದಿನ ಹಳೆಯ ಮೈದಾನದಲ್ಲಿ, ಬಂಡೆಗೆ ಬೋಲ್ಟು ಹಾಕಿ ಕೂರಿಸಿದ ಫಲಕದ ಮೇಲಿನ ಬಟ್ಟೆಯನ್ನು ಎಳೆಯುತ್ತಾರೆ. ಊರಿಗೂರೇ ಬಂದು ನೋಡುತ್ತದೆ.

ಆ ಫಲಕ ಥ್ಯಾಡಿಯಸ್ ಫಿಲ್ಕಿನ್ಸನದು. ನೂರು ವರ್ಷದ ಹಿಂದೆ, ಬೇಸ್‌ಬಾಲ್ ಆಡುವವರಿಗೆ ಕೈಗವಸು ತೊಡುವುದು ನಾಚಿಕೆಗೇಡೆನಿಸಿದ್ದ ಕಾಲದಲ್ಲಿ, ಪೆಕ್ಸ್ ಹಾಲೋ ಊರಿನ ತಂಡಕ್ಕೆ ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದ ಕ್ಯಾಚರ್ ಅವನು. ಕೈಗವಸು ಹೊಲಿದೇ ಹೊಟ್ಟೆ ಹೊರೆದ ಊರಿನ ಮೊದಲ ವೀರ ಕೈಗವಸಿಲ್ಲದವನು ಎಂದು ಔಷಧದಂಗಡಿಯ ಎಮೆಟ್ ಶುಲ್ಟ್ಸ್ ಎಲ್ಲರೆದುರೂ ಹೇಳಿ ಹೇಳಿ ನಗಿಸುತ್ತಿದ್ದ. ಸ್ಮಾರಕ ಸಮಿತಿ ಕಟ್ಟಿದವನೇ ಅವನು. ಲೆನೋರಾ ಎರಕದ ಕಾರ್ಖಾನೆಯಲ್ಲಿ ಬಿಷಪ್ಪರ, ನ್ಯಾಯಾಧೀಶರ, ಬ್ಯಾಂಕು ಕಟ್ಟಿದವರ ಉಬ್ಬುಮುಖಗಳನ್ನು ಮಣ್ಣಿನಲ್ಲಿ ಮಾಡಿಕೊಟ್ಟು ನಿವೃತ್ತಳಾದವಳು. ಎಮೆಟ್ ಅವಳ ಮನೆಗೇ ಬಂದ. ಹಿಡಿದು ತಂದದ್ದು ಒಂದೇ ಒಂದು ಫೋಟೊ. ಒಂಬತ್ತು ಜನ ಉಣ್ಣೆಯ ಅಂಗಿ ತೊಟ್ಟು ಸಾಲಾಗಿ ನಿಂತಿದ್ದಾರೆ. ಆ ಕಾಲದ ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತಂತೆ; ಎಂಟು ಜನ ನಿಂತಿದ್ದಾರೆ, ಫಿಲ್ಕಿನ್ಸ್ ಮಾತ್ರ ತಲೆಯಾಡಿಸಿಬಿಟ್ಟಿದ್ದಾನೆ. ಅಂಗಿಯ ಕಾಲರಿನ ಮೇಲೆ ಮುಖವಿರಬೇಕಾದಲ್ಲಿ ಆರಿಸಿದ ಮೇಣದಬತ್ತಿಯ ಹೊಗೆಯಂಥದು ಏನೋ ಇತ್ತು. "ಬರೀ ಹೆಸರು ಹಾಕಿ ಎರಕ ಹೊಯ್ಸಿದ್ರೆ ಆಗಲ್ವಾ?" ಎಂದು ಲೆನೋರಾ ಕೇಳಿದ್ದಳು. "ಹೆಸರನ್ನ ಯಾರು ನೋಡ್ತಾರೆ ಲೆನೋರಾ? ಮುಖ ಬೇಕು. ಮುಖ ಇದ್ರೆ ಕಾರ್ಡು ಅಚ್ಚು ಹಾಕಿಸಬಹುದು, ಹಳೇ ಆಟಗಾರರ ಕಾರ್ಡು ಸೇರಿಸೋರು ಎಲ್ಲೆಲ್ಲಿಂದಲೋ ಬರ್ತಾರೆ. ಯಾವುದಾದ್ರೂ ಒಂದು ಮುಖ ಕೊಡು. ಇಲ್ಲ ಅನ್ನೋಕೆ ಯಾರಿದ್ದಾರೆ?"

ಯಾವುದಾದರೂ ಒಂದು ಮುಖ. ವಸಂತವೆಲ್ಲ ಹಿತ್ತಿಲ ಜಗಲಿಯ ಕೆಲಸದ ಕೋಣೆಯಲ್ಲಿ ಕೂತು ಒಂದಾದ ಮೇಲೊಂದು ಮಾಡಿದಳು, ಒಂದಾದ ಮೇಲೊಂದು ಕೆಡವಿದಳು. ಒಂದು ಸಂತನ ಹಾಗೆ ಬಂತು, ಇನ್ನೊಂದು ವಿಮೆ ಮಾರುವವನ ಹಾಗೆ. ಕೊನೆಗೆ ಅವನು ಮೇಲಿನಿಂದ ಬೀಳುವ ಚೆಂಡನ್ನು ನೋಡುತ್ತಿರಲಿ, ಮುಖ ಆಕಾಶಕ್ಕೆ ಎತ್ತಿರಲಿ ಅಂದುಕೊಂಡಳು. ಅಂದುಕೊಂಡದ್ದೇ ತಡ ಕೈ ತನ್ನಷ್ಟಕ್ಕೆ ತಾನು ನಡೆಯಿತು. ಊಟಕ್ಕೆ ಏಳಲಿಲ್ಲ. ಹೋಬರ್ಟ್ ಬಾಗಿಲಾಚೆಯಿಂದ ಒಮ್ಮೆ ಕರೆದು, ಉತ್ತರ ಬಾರದ್ದಕ್ಕೆ ತಾನೇ ಬ್ರೆಡ್ಡು ಕೊಯ್ದುಕೊಂಡು ತಿಂದ. ಅವನು ಆ ಕೋಣೆಯ ಒಳಗೆ ಎಂದೂ ಬಂದವನಲ್ಲ. ಬೇಡವೆಂದು ಅವಳು ಹೇಳಿದ್ದೂ ಇಲ್ಲ. ಕಾರ್ಖಾನೆಯಲ್ಲಿ ಕಂಚಿನ ಅಂಚು ತೀಡುತ್ತಿದ್ದವನೊಬ್ಬ, "ಈ ಮನುಷ್ಯನ್ನ ಎಲ್ಲೋ ನೋಡಿದೀನಲ್ಲ ಅಮ್ಮಾ," ಅಂದಿದ್ದ. "ಎಲ್ಲ ಮುಖಾನೂ ಕಂಚಾದ ಮೇಲೆ ಹಾಗೇ ಕಾಣ್ಸುತ್ತೆ," ಎಂದು ಅವಳು ಉತ್ತರ ಕೊಟ್ಟಿದ್ದಳು, ಅಷ್ಟು ಚುರುಕಾಗಿ, ಅಷ್ಟು ಸಿದ್ಧವಾಗಿ. ಈಗ ನೆನೆದರೆ ಆ ಸಿದ್ಧತೆಯೇ ಅವಳನ್ನು ಹೆದರಿಸಿತು. ಗೊತ್ತಿಲ್ಲದವಳು ಅಷ್ಟು ಬೇಗ ಉತ್ತರ ಕೊಡುತ್ತಾಳೆಯೇ?

ಟ್ರಕ್ಕು ಹೋದ ಮೇಲೆ ಮುಂದಿನ ಕೋಣೆಗೆ ಬಂದು, ಮಾರಾಟಕ್ಕೆಂದು ತಂದಿಟ್ಟಿದ್ದ ಕಾರ್ಡುಗಳ ಪೆಟ್ಟಿಗೆಯನ್ನು ಬಿಚ್ಚಿದಳು. ಹಳೆಯ ಸಿಗರೇಟಿನ ಪೊಟ್ಟಣಗಳಲ್ಲಿ ಬರುತ್ತಿದ್ದಂಥ ಕಂದುಬಣ್ಣದ ಸಣ್ಣ ಕಾರ್ಡುಗಳು. ಎಲ್ಲದರ ಮೇಲೂ ಅದೇ ಮುಖ, ಸಾಲುಸಾಲಾಗಿ, ಆಕಾಶ ನೋಡುತ್ತ. ಒಂದನ್ನು ಬೆಳಕಿಗೆ ಹಿಡಿದಾಗ ಅನುಮಾನವಾಯಿತು: ಇಲ್ಲ, ಹುಬ್ಬು ಬೇರೆ, ಕೂದಲು ಬೇರೆ. ಇನ್ನೊಂದನ್ನು ಹಿಡಿದಾಗ ಅನುಮಾನ ಉಳಿಯಲಿಲ್ಲ. ಫೋನೆತ್ತಿ ಎಮೆಟ್‌ನನ್ನು ಕರೆದಳು.

"ಎಮೆಟ್, ಫಲಕದಲ್ಲಿ ಒಂದು ತಪ್ಪಾಗಿದೆ."

"ಅಯ್ಯೋ ದೇವರೇ. ಹೆಸರಿನ ಅಕ್ಷರ ಬಿಟ್ಟುಹೋಯ್ತಾ?"

"ಅಲ್ಲ."

"ಇಸವಿ?"

"ಅಲ್ಲ."

"ಮತ್ತೇನು ಹೇಳೇ, ಬ್ಯಾಂಡಿನವರು ಬಂದು ಕೂತಿದ್ದಾರೆ ಇಲ್ಲಿ."

ಹೇಳಲು ಬಾಯಿ ತೆರೆದಳು. ಹೇಳಬೇಕಾದ ವಾಕ್ಯ ನಾಲಗೆಯ ಮೇಲೇ ಇತ್ತು. ಆಡಿದರೆ ಅದರ ಹಿಂದೆ ಇನ್ನೊಂದು ಬರುತ್ತಿತ್ತು, ಅದರ ಹಿಂದೆ ಮತ್ತೊಂದು. "ಏನಿಲ್ಲ. ಮುಖ ಸ್ವಲ್ಪ ಕಿರಿದಾಯ್ತೇನೋ ಅನ್ನಿಸ್ತು."

ಎಮೆಟ್ ಗಟ್ಟಿಯಾಗಿ ನಕ್ಕ. "ಅವನ ಮುಖ ನೋಡಿದೋರು ಒಬ್ಬರೂ ಉಳಿದಿಲ್ಲ. ನಿಶ್ಚಿಂತೆಯಿಂದ ಬಾ."

ಬಟ್ಟೆ ಬಿದ್ದಾಗ ಮೊದಲು ಯಾರೂ ಏನೂ ಅನ್ನಲಿಲ್ಲ. ಶಾಲೆಯ ಬ್ಯಾಂಡು ಒಂದು ಧಾಟಿ ನುಡಿಸಿತು, ಗಾಳಿ ಅದನ್ನು ತುಂಡುತುಂಡು ಮಾಡಿ ಹೊತ್ತುಕೊಂಡು ಹೋಯಿತು. ಲೆನೋರಾ ಮುಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತು ತನ್ನ ಕೋಟಿನ ಗುಂಡಿಯನ್ನು ನೋಡುತ್ತಿದ್ದಳು. ಇಷ್ಟೇ, ಮುಗಿಯಿತು, ಯಾರಿಗೂ ಕಾಣುವುದಿಲ್ಲ, ಕಂಡವಳು ನಾನೊಬ್ಬಳೇ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾವಳೋ ಹೆಂಗಸು "ಇದು ನಮ್ಮ ಲಾಯ್ಡ್ ಅಲ್ವಾ?" ಅಂದಳು. ಒಬ್ಬರು ನಕ್ಕರು. ಕುರ್ಚಿಗಳು ಕಿರುಗುಟ್ಟಿದವು. ಭಾಷಣಕ್ಕೆ ಎದ್ದುನಿಂತಿದ್ದ ಎಮೆಟ್ ಒಮ್ಮೆ ಫಲಕವನ್ನೂ ಒಮ್ಮೆ ಸಭೆಯಲ್ಲಿದ್ದ ಲಾಯ್ಡ್‌ನನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. ನಗು ಒಣಹುಲ್ಲಿಗೆ ಹತ್ತಿದ ಬೆಂಕಿಯ ಹಾಗೆ ಸಾಲಿನಿಂದ ಸಾಲಿಗೆ ಹಬ್ಬಿತು. ಲಾಯ್ಡ್ ಎದ್ದ, ಸಂಕೋಚಪಟ್ಟವನಂತೆ ನಟಿಸಿದ, ಆಮೇಲೆ ನೆಟ್ಟಗೆ ಬಂಡೆಯ ಬಳಿ ಹೋಗಿ ಕಂಚಿನ ಪಕ್ಕದಲ್ಲಿ ನಿಂತು ಗದ್ದವೆತ್ತಿ ಆಕಾಶ ನೋಡಿದ. ಚಪ್ಪಾಳೆ. ಕ್ಯಾಮೆರಾಗಳು. ಹಳೆಯ ಕಾಲದ ಉಣ್ಣೆಯ ಅಂಗಿ ತೊಟ್ಟು ಬರಿಗೈಯಲ್ಲಿ ಆಡಿ ತೋರಿಸಲು ಬಂದಿದ್ದ ತಂಡದವರು ಅವನ ಭುಜ ತಟ್ಟಿದರು. ಲೆನೋರಾಳ ಕಣ್ಣು ತಾನಾಗಿ ಗಂಡನ ಕಡೆ ಹೊರಳಿತು. ಹೋಬರ್ಟ್ ತಮ್ಮನನ್ನು ನೋಡುತ್ತಿರಲಿಲ್ಲ, ಫಲಕವನ್ನೂ ನೋಡುತ್ತಿರಲಿಲ್ಲ. ತೊಡೆಯ ಮೇಲೆ ಬಿದ್ದಿದ್ದ ಅವಳ ಕೈಗಳನ್ನು ನೋಡುತ್ತಿದ್ದ.

ಅವನೂ ಕೈಕಸುಬಿನವನೇ. ಮುಚ್ಚಿಹೋದ ಕೈಗವಸಿನ ಫ್ಯಾಕ್ಟರಿಯಲ್ಲಿ ತೊಗಲು ಕತ್ತರಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳನ್ನು ಕರೆದುಕೊಂಡು ಹೋಗಿ ತೋರಿಸಿದ್ದ: ಒದ್ದೆ ಮಾಡಿದ ಎಳೆಯ ತೊಗಲನ್ನು ಮೇಜಿನ ಅಂಚಿನ ಮೇಲೆ ಹಾಕಿ ಮೆಲ್ಲಗೆ, ಮತ್ತೂ ಮೆಲ್ಲಗೆ ಎಳೆಯುವುದು. "ಅವಸರ ಮಾಡಬಾರದು. ಇದರೊಳಗೆ ಎಷ್ಟು ಹಿಗ್ಗಿದೆಯೋ ಅಷ್ಟನ್ನೂ ಮೊದಲು ಎಳೆದು ತೆಗೀಬೇಕು. ಇನ್ನು ಕೊಡೋಕೆ ಏನೂ ಇಲ್ಲ ಅಂದಾಗ ಮಾತ್ರ ಕತ್ತರಿ," ಅಂದಿದ್ದ. ಮಾತಿನಲ್ಲೂ ಅವನು ಹಾಗೇ. ಜಗಳವಾಡಿದವನಲ್ಲ. ಸುಮ್ಮನೆ ಒಂದು ತುದಿ ಹಿಡಿದುಕೊಂಡು ಕಾಯುತ್ತಿದ್ದ.

ಜನ ಚದುರಿ ಬಂಡೆಯ ಸುತ್ತ ಸೇರಿದಾಗ ಲಾಯ್ಡ್‌ನ ಹೆಂಡತಿ ವಿನ್ನಿ ಮುಂದೆ ಬಂದಳು. ತನ್ನ ಓರಗಿತ್ತಿಯನ್ನು ಲೆನೋರಾ ಯಾವತ್ತೂ ಸರಿಯಾಗಿ ಗಮನಿಸಿದವಳಲ್ಲ. ಕ್ರಿಸ್ಮಸ್ಸಿಗೆ ಹ್ಯಾಮ್ ತರುವ, ಮಂಡಿನೋವಿನ ಬಗ್ಗೆ ಮಾತಾಡುವ ಹೆಂಗಸು. ಗಂಡನ ಗೆಳೆಯರು ಕೇಕೆ ಹಾಕುತ್ತಿದ್ದ ನಡುವೆಯೇ ವಿನ್ನಿ ಕೈಗವಸು ಬಿಚ್ಚಿ, ತೋರುಬೆರಳನ್ನು ಕಂಚಿನ ಗದ್ದದ ಕೆಳಗೆ ಇಟ್ಟು, ದವಡೆಯ ಗುಂಟ ಕಿವಿಯವರೆಗೆ ಎಳೆದಳು. ತಗ್ಗಿನಲ್ಲಿ ಬೆರಳು ನಿಂತಿತು.

"ಹುಡುಗನಾಗಿದ್ದಾಗ ಮುಳ್ಳುತಂತಿ ಸೀಳಿದ್ದು," ವಿನ್ನಿ ಹೇಳಿದಳು, ಲೆನೋರಾಳಿಗೆ ಮಾತ್ರ ಕೇಳುವಂತೆ. "ನಿಂತಿದ್ದರೆ ಕಾಣಲ್ಲ. ಕೂತಿದ್ದರೂ ಕಾಣಲ್ಲ. ತಲೆ ಹಿಂದಕ್ಕೆ ಬಿದ್ದು ಮಲಗಿದಾಗ ಕಾಣ್ಸುತ್ತೆ. ಪಕ್ಕದಲ್ಲಿ ಇರೋರಿಗೆ."

"ನನಗೆ ಅದು ಗೊತ್ತಿರಲಿಲ್ಲ ವಿನ್ನಿ."

"ನಿನಗೆ ಗೊತ್ತಿರಲಿಲ್ಲ," ವಿನ್ನಿ ಅಂದಳು. ಕೇಳಿದ್ದಲ್ಲ, ಒಪ್ಪಿದ್ದೂ ಅಲ್ಲ. ಅಂಗಡಿಯವನು ಹೇಳಿದ ಬೆಲೆಯನ್ನು ಗಿರಾಕಿ ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡ ಹಾಗೆ. ಕೈಗವಸು ತೊಟ್ಟುಕೊಂಡು ಹೊರಟುಹೋದಳು.

ನಿಜ ಏನೆಂದರೆ ನಡೆದದ್ದು ಏನೂ ಇರಲಿಲ್ಲ. ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ, ಬಂದವರೆಲ್ಲ ಹೊರಗೆ ಅಂಗಳದಲ್ಲಿದ್ದಾಗ, ತಟ್ಟೆಗಳನ್ನು ತರಲೆಂದು ಒಳಗೆ ಬಂದಿದ್ದಳು. ಸೋಫಾದ ಮೇಲೆ ಲಾಯ್ಡ್ ಕೂತಲ್ಲೇ ನಿದ್ದೆಹೋಗಿದ್ದ, ತಲೆ ಹಿಂದಕ್ಕೆ ಬಿದ್ದು, ಟೈ ಸಡಿಲಾಗಿ, ಅತ್ತ ಕಣ್ಣು ಊದಿಕೊಂಡು. ಅವಳು ನಿಂತಳು. ತಟ್ಟೆಗಳು ಕೈಯಲ್ಲಿ ಭಾರವಾಗುವಷ್ಟು ಹೊತ್ತು ನಿಂತು ನೋಡಿದಳು. ಮುಟ್ಟಲಿಲ್ಲ. ಮುಟ್ಟಬೇಕೆಂದು ಅನ್ನಿಸಿತ್ತೆ? ಅನ್ನಿಸಿದ್ದರೆ ಒಂದು ಬಗೆಯಲ್ಲಿ ಹಗುರಾಗುತ್ತಿತ್ತು, ಅದಕ್ಕೊಂದು ಹೆಸರಾದರೂ ಇದೆ. ಈ ಮುಖ ಇಷ್ಟು ಹತ್ತಿರದಲ್ಲಿ, ಇಷ್ಟು ನಿಶ್ಚಲವಾಗಿ ಸತ್ತವನ ಮುಖದ ಹಾಗಿದೆ ಎಂದು ಮಾತ್ರ ಅನ್ನಿಸಿತ್ತು, ಹಾಗೆ ಅನ್ನಿಸಿದಾಗ ಎದೆಯಲ್ಲಿ ಆದದ್ದು ದುಃಖವಾಗಿರಲಿಲ್ಲ. ಆಗ ಹೊರಗಿನಿಂದ ಹೋಬರ್ಟ್ ಕೂಗಿದ್ದ, "ಲೆನ್, ತಟ್ಟೆ." ಇಷ್ಟೇ. ಇದನ್ನು ಯಾರ ಮುಂದೆ ಹೇಳಿದರೂ ನಂಬುವುದಿಲ್ಲ. ಬರೀ ನೋಡಿದೆ ಎಂದರೆ, ಅಷ್ಟಕ್ಕೇ ಹೀಗೆ ಅಚ್ಚೊತ್ತುತ್ತದೆಯೇ ಎಂದು ಕೇಳುತ್ತಾರೆ. ಅವಳೇ ಕೇಳಿಕೊಳ್ಳುತ್ತಿದ್ದಳು.

ಫೈರ್ ಸ್ಟೇಷನ್ನಿನ ಒಳಗೆ ಉದ್ದನೆಯ ಮೇಜುಗಳ ಮೇಲೆ ಬೀನ್ಸು, ಹ್ಯಾಮು, ಕುಂಬಳಕಾಯಿ ಪೈ ಇಟ್ಟಿದ್ದರು. ಲಾಯ್ಡ್ ನಡುಮೇಜಿನಲ್ಲಿ ಕೂತು ಕಾರ್ಡುಗಳ ಮೇಲೆ ರುಜು ಹಾಕುತ್ತಿದ್ದ. ಮೊದಲು ತಮಾಷೆಗೆ ಒಂದಕ್ಕೆ ಹಾಕಿದ್ದು. ಬೇರೆ ಊರಿನಿಂದ ಬಂದಿದ್ದ ದಪ್ಪ ಕನ್ನಡಕದ ಸಂಗ್ರಾಹಕನೊಬ್ಬ ತನ್ನದಕ್ಕೂ ಬೇಕೆಂದ, ಮುಖದವನೇ ರುಜು ಹಾಕಿದ ಕಾರ್ಡು ಮುಂದೆ ಅಪರೂಪದ ವಸ್ತುವಾಗುತ್ತದೆಂದು ಗಂಭೀರವಾಗಿ ಹೇಳಿದ. ಆಮೇಲೆ ಸಾಲು ನಿಂತಿತು. ಲಾಯ್ಡ್ ದೊಡ್ಡ ದೊಡ್ಡ ಸುರುಳಿ ಹಾಕಿ 'ಥ್ಯಾಡಿಯಸ್ ಫಿಲ್ಕಿನ್ಸ್' ಎಂದು ಬರೆಯುತ್ತಿದ್ದ.

"ಸತ್ತು ನೂರು ವರ್ಷ ಆಗ್ತಾ ಬಂತು, ಹೊಟ್ಟೆ ಮಾತ್ರ ಚೆನ್ನಾಗಿ ಬೆಳೆಸಿದೀಯ ಕಣೋ," ಎಂದೊಬ್ಬ.

"ಮೇಲೆ ಊಟ ಚೆನ್ನಾಗಿ ಹಾಕ್ತಾರೆ. ಬಾ, ನೀನೂ ನೋಡುವಿಯಂತೆ," ಲಾಯ್ಡ್ ತಲೆಯೆತ್ತದೆ ಅಂದ.

ನಗುವಿನ ನಡುವೆ ಸಾಲು ಮುಂದೆ ಸರಿಯಿತು, ಸರಿದಾಗ ಮುಂದೆ ನಿಂತಿದ್ದವನು ಹೋಬರ್ಟ್. ಎಲ್ಲರ ಹಾಗೆ ಅವನೂ ಸಾಲಿನಲ್ಲೇ ನಿಂತು ಬಂದಿದ್ದ. ಕಾರ್ಡನ್ನು ಮೇಜಿನ ಮೇಲೆ ಇಟ್ಟ.

"ನಿನಗ್ಯಾಕೋ?" ಲಾಯ್ಡ್ ಕೇಳಿದ. "ನಿನಗೆ ಬೇಕಾದ್ರೆ ಅಸಲಿ ಮುಖಾನೇ ದಿನಾ ತಂದು ತೋರಿಸ್ತೀನಿ."

"ಹಾಕು."

ಲಾಯ್ಡ್ ಅಣ್ಣನ ಮುಖ ನೋಡಿದ. ನಗು ಬಾಯಿಯಲ್ಲಿ ಹಾಗೇ ಉಳಿದು ಕಣ್ಣಿನಿಂದ ಮಾತ್ರ ಇಳಿದುಹೋಯಿತು. ರುಜು ಹಾಕಿದ, ಸುರುಳಿಗಳಿಲ್ಲದೆ, ಸಣ್ಣಕ್ಷರದಲ್ಲಿ. ಹೋಬರ್ಟ್ ಶಾಯಿ ಆರುವತನಕ ಊದಿ, ಅಂಗಿಯ ಜೇಬಿಗೆ ಹಾಕಿಕೊಂಡು, "ಸೋಮವಾರ ಬೆಳಕು ಹರಿಯೋಕೆ ಮುಂಚೆ ಬರ್ತೀನಿ, ಎದ್ದಿರು," ಅಂದ. ಸೋಮವಾರ ಜಿಂಕೆ ಬೇಟೆಯ ಮೊದಲ ದಿನ. ಅಣ್ಣತಮ್ಮಂದಿರು ಪ್ರತಿವರ್ಷ ಜೊತೆಗೇ ಹೋಗುವವರು. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದೇನೂ ಇಲ್ಲವೆಂದು ಲೆನೋರಾ ಕಾಫಿಯ ಪೀಪಾಯಿಯ ಹತ್ತಿರ ನಿಂತು ತನಗೆ ತಾನೇ ಹೇಳಿಕೊಂಡಳು. ಲಾಯ್ಡ್ ಕಪ್ಪು ತುಂಬಿಸಿಕೊಳ್ಳಲು ಅವಳ ಪಕ್ಕಕ್ಕೆ ಬಂದ.

"ಒಂಥರಾ ಖುಷಿ ಆಗುತ್ತಪ್ಪ, ಸುಳ್ಳು ಯಾಕೆ ಹೇಳಲಿ. ಆದ್ರೆ ಸಾಯೋ ಇಸವೀನೂ ಕೆಳಗೆ ಹಾಕಿಬಿಟ್ಟಿದೀಯಲ್ಲ ಮಾರಾಯ್ತಿ." ಹಾಗಂದು ದನಿ ತಗ್ಗಿಸಿದ. "ಅಲ್ಲಾ, ನಾನು ಯಾವತ್ತು ಹಂಗೆ ತಲೆಯೆತ್ಕೊಂಡು ನಿಂತಿದ್ದೆ?"

"ನಿಂತಿರಲಿಲ್ಲ," ಅಂದಳು ಲೆನೋರಾ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅವನು ಎಂದೂ ಎರಡನೇ ಸಲ ಕೇಳುವವನಲ್ಲ. ಹೋಬರ್ಟ್ ಮೇಜುಗಳ ಆ ತುದಿಯಿಂದ ಇಬ್ಬರನ್ನೂ ನೋಡುತ್ತಿದ್ದ. ಪೈ ತಿನ್ನುತ್ತ, ನಿಧಾನವಾಗಿ.

ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಅವನು ಒಬ್ಬನೇ ಮೈದಾನಕ್ಕೆ ಹೋಗಿ ಬಂದ. ಎಲ್ಲಿಗೆ ಹೋಗುತ್ತೇನೆಂದು ಹೇಳಲಿಲ್ಲ. ಬೂಟಿಗೆ ಹತ್ತಿದ ಹೊಸ ಜಲ್ಲಿಯ ಪುಡಿಯಿಂದ ಅವಳಿಗೆ ತಿಳಿಯಿತು. "ಚೆನ್ನಾಗಿ ಮಾಡಿದೀಯ. ಇಷ್ಟು ಚೆನ್ನಾಗಿ ನೀನು ಯಾವುದನ್ನೂ ಮಾಡಿರಲಿಲ್ಲ," ಎಂದು ಮಾತ್ರ ಹೇಳಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೋವಿಯನ್ನು ಬಿಚ್ಚಿ ಎಣ್ಣೆ ಹಾಕಲು ಕೂತ. ಪ್ರತಿವರ್ಷವೂ ಅಲ್ಲೇ ಕೂರುತ್ತಿದ್ದ, ಹಾಗೆಯೇ ಪತ್ರಿಕೆ ಹಾಸುತ್ತಿದ್ದ. ಎಣ್ಣೆಯ ವಾಸನೆಯಲ್ಲೇ ಅವಳು ಆಲೂಗಡ್ಡೆ ಸುಲಿದಳು. ಲಾಯ್ಡ್‌ಗೆ ಫೋನು ಮಾಡಿ ನಾಳೆ ಹೋಗಬೇಡ ಎಂದುಬಿಡಬೇಕು. ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂಬುದಕ್ಕೆ ಒಂದು ಕಾರಣ ಕೊಟ್ಟರೆ ಆ ಕಾರಣ ಇದೆ ಎಂದಾಗುತ್ತದೆ. ಕೊಡದೆ ಸುಮ್ಮನಿದ್ದು ಏನಾದರೂ ಆಗಿಹೋದರೆ? ಹಾಗೆ ಯೋಚಿಸುವವಳೇ ಅದನ್ನು ಬಯಸುವವಳಲ್ಲವೇ? ಒಬ್ಬ ಬದುಕಿರುವ ಮನುಷ್ಯನನ್ನು ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ ಸಮೇತ ಬಂಡೆಗೆ ಬಡಿದು ಕೂರಿಸಿದವಳು ಹೋಬರ್ಟ್ ಅಲ್ಲ. ಸುಲಿದ ಆಲೂಗಡ್ಡೆಯೊಂದು ಜಾರಿ ನೆಲದ ಮೇಲೆ ಉರುಳಿತು. ಗಂಡ ಬಗ್ಗಿ ಎತ್ತಿಕೊಟ್ಟ.

ಸೋಮವಾರ ಬೆಳಕು ಹರಿದಂತೆ ಗುಡ್ಡಗಳಲ್ಲಿ ಸದ್ದು ಶುರುವಾಯಿತು. ಒಂದು ಹತ್ತಿರದಲ್ಲಿ, ಒಂದು ದೂರದಲ್ಲಿ, ಮತ್ತೆ ಎರಡು ಒಟ್ಟಿಗೆ. ಕಣಿವೆಯ ಗಂಡಸರೆಲ್ಲ ಅಲ್ಲಿದ್ದರು. ಯಾವ ಗುಂಡು ಯಾರದೆಂದು ಹೇಳಲಾಗುವುದಿಲ್ಲ. ಇಷ್ಟು ವರ್ಷ ಆ ಸದ್ದಿನಲ್ಲೇ ಹಾಸಿಗೆ ಮಡಿಸಿ, ಬಟ್ಟೆ ಒಗೆದು, ರೇಡಿಯೊ ಕೇಳಿದ್ದಳು. ಇಂದು ಪ್ರತಿ ಸದ್ದಿಗೂ ಕೈ ನಿಲ್ಲುತ್ತಿತ್ತು. ನಿಂತ ಕೈಯನ್ನು ನೋಡಿ ಸಿಟ್ಟು ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಬಾಗಿಲು ತಟ್ಟದೆ ವಿನ್ನಿ ಒಳಗೆ ಬಂದಳು. ಕೋಟು ಬಿಚ್ಚಲಿಲ್ಲ. ಮೇಜಿನ ಬಳಿ, ನಿನ್ನೆ ಹೋಬರ್ಟ್ ಕೂತಿದ್ದ ಕುರ್ಚಿಯಲ್ಲಿ ಕೂತಳು.

"ಕಾಫಿ ಕೊಡಲಾ?" ಲೆನೋರಾ ಕೇಳಿದಳು.

"ಬೇಡ. ನಿನ್ನ ಜೊತೆ ಮಾತಾಡೋಕೆ ಬಂದಿದ್ದಲ್ಲ. ಸುದ್ದಿ ಬಂದ್ರೆ ಮೊದಲು ಈ ಮನೆಗೆ ಬರುತ್ತೆ. ಅದಕ್ಕೆ ಬಂದೆ."

"ಯಾವ ಸುದ್ದಿ ವಿನ್ನಿ? ಪ್ರತಿವರ್ಷ ಹೋಗಿಬರ್ತಾರೆ."

"ಹೂಂ. ಪ್ರತಿವರ್ಷ ಹೋಗಿಬರ್ತಾರೆ."

ಇಬ್ಬರೂ ಕೂತರು. ಗಡಿಯಾರ, ಫ್ರಿಜ್ಜಿನ ಗುಂಯ್ ಎನ್ನುವ ಸದ್ದು, ಆಗಾಗ ಗುಡ್ಡ. ವಿನ್ನಿ ಗುಂಡಿನ ಸದ್ದಿಗೆ ಬೆಚ್ಚುತ್ತಿರಲಿಲ್ಲ. ಸದ್ದಾದಾಗಲೆಲ್ಲ ಲೆನೋರಾಳನ್ನು ನೋಡುತ್ತಿದ್ದಳು. ಅದಕ್ಕೇ ಬಂದಿದ್ದಾಳೆ ಎಂದು ಲೆನೋರಾಳಿಗೆ ಹೊಳೆಯಿತು: ಒಂದೊಂದು ಗುಂಡಿಗೂ ನನ್ನ ಮುಖ ಏನಾಗುತ್ತದೆಂದು ನೋಡಲು. ನೋಡುವುದು ಎಷ್ಟು ದೊಡ್ಡ ಕೆಲಸವೆಂದು ಇವಳಿಗೂ ಗೊತ್ತಿದೆ. ಮುಖವನ್ನು ಕಲ್ಲಾಗಿಸಿಕೊಳ್ಳಲು ಯತ್ನಿಸಿದಳು. ಕಲ್ಲಾದರೂ ಅದೂ ಒಂದು ಉತ್ತರವೇ ಆಗುತ್ತಿತ್ತು.

"ಏನಾದ್ರೂ ನಡೆದಿತ್ತಾ?" ವಿನ್ನಿ ಕೇಳಿದಳು.

"ಇಲ್ಲ. ದೇವರಾಣೆಗೂ ಇಲ್ಲ."

"ನಡೆದಿದ್ರೆ ವಾಸಿ ಇತ್ತು," ಅಂದಳು ವಿನ್ನಿ. "ನಡೆದದ್ದು ಎಲ್ಲೋ ಒಂದು ಕಡೆ ಮುಗಿಯುತ್ತೆ. ಅವನ ಜೊತೆ ಇಷ್ಟು ವರ್ಷ ಬಾಳಿದೀನಿ. ನೀನು ಮಾಡಿದ ಹಾಗೆ ಅವನ ಮುಖ ನನ್ನ ಕಣ್ಣಿಗೆ ಒಂದು ದಿನ ಕಂಡಿಲ್ಲ."

ಟ್ರಕ್ಕು ಬಂದಾಗ ಮೂರು ಗಂಟೆ ಆಗಿತ್ತೋ ನಾಲ್ಕೋ, ಬೆಳಕು ಆಗಲೇ ಇಳಿಯುತ್ತಿತ್ತು. ಕಿಟಕಿಯಿಂದ ಮೊದಲು ಒಂದೇ ತಲೆ ಕಂಡಿತು. ಲೆನೋರಾ ಎದ್ದುನಿಂತಳು. ಯಾರ ತಲೆಯೆಂದು ತಿಳಿಯುವ ಮೊದಲಿನ ಆ ಒಂದು ಗಳಿಗೆಯಲ್ಲಿ ತನ್ನೊಳಗೆ ಎದ್ದ ಆಸೆ ಯಾರ ಕಡೆಯದೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದದ್ದನ್ನು ವಿನ್ನಿಯೂ ನೋಡಿದಳು. ಆಮೇಲೆ ಆ ಕಡೆಯ ಬಾಗಿಲು ತೆರೆದುಕೊಂಡು ಇನ್ನೊಬ್ಬನೂ ಇಳಿದ. ಇಬ್ಬರೂ ಬಂದಿದ್ದರು. ಹಿಂದುಗಡೆ ಜಿಂಕೆಯೊಂದು ನಾಲಗೆ ಚಾಚಿ ಬಿದ್ದಿತ್ತು. ಲಾಯ್ಡ್‌ನ ಮುಖ ಬಿಳಿಚಿಕೊಂಡಿತ್ತು. ಯಾವತ್ತಿನಂತೆ ಅಡುಗೆಮನೆಗೆ ನುಗ್ಗಲಿಲ್ಲ, ಅಂಗಳದಲ್ಲೇ ನಿಂತು "ವಿನ್ನಿ, ನಡಿ," ಎಂದ. ವಿನ್ನಿ ತಂದಿದ್ದ ಕಾರಿನಲ್ಲಿ ಕೂರುವಾಗಲೂ ಅಣ್ಣನ ಕಡೆ ಬೆನ್ನು ಹಾಕಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಹೋಗಿ ಕೂತ.

"ಏನಾಯ್ತು?" ಲೆನೋರಾ ಕೇಳಿದಳು.

ಹೋಬರ್ಟ್ ಅಂಗಿಯ ತೋಳು ಮಡಿಸಿ ಕೈ ತೊಳೆಯುತ್ತಿದ್ದ. "ಏನಾಗುತ್ತೆ? ಅವನು ಕೆಳಗಡೆ ಹೊಂಡದಲ್ಲಿ ನಿಂತಿದ್ದ, ನಾನು ಮೇಲೆ. ಜಿಂಕೆ ನಡುವೆ ಬಂತು. ಅದು ಹೋಗೋತನಕ ಕೋವಿ ಗುರಿ ಹಿಡಿದೇ ಇದ್ದೆ. ಹೋದ ಮೇಲೂ ಹಿಡಿದಿದ್ದೆ ಅಂತ ಕಾಣುತ್ತೆ. ಅವನು ತಲೆಯೆತ್ತಿ ನನ್ನ ಕಡೆ ನೋಡಿದ. ಥೇಟು ನೀನು ಮಾಡಿದ ಹಾಗೇ." ನಲ್ಲಿ ನಿಲ್ಲಿಸಿದ. "ಆಮೇಲೆ ಬೇರೆ ಕಡೆ ಹೋಗಿ ಈ ಜಿಂಕೆ ಹೊಡೆದೆ. ಟವೆಲ್ಲು ಎಲ್ಲಿ?"

ಅವಳು ಟವೆಲ್ಲು ಕೊಟ್ಟಳು.

ಮರುದಿನ ಬೆಳಗ್ಗೆ ಅವಳು ಕೆಲಸದ ಕೋಣೆಯಲ್ಲಿ ಸುಮ್ಮನೆ ಕೂತಿದ್ದಾಗ ಬಾಗಿಲು ತೆರೆದು ಹೋಬರ್ಟ್ ಒಳಗೆ ಬಂದ. ಕ್ಷೌರ ಮಾಡಿಕೊಂಡು ಇಗರ್ಜಿಗೆ ತೊಡುವ ಬಿಳಿಯ ಅಂಗಿ ಹಾಕಿದ್ದ. ಕಿವಿಯ ಬಳಿ ಒಂದಿಷ್ಟು ಸಾಬೂನಿನ ನೊರೆ ಒಣಗಿತ್ತು. ಮೊದಲ ಸಲ ಬಂದ ಮನೆಯ ಹಾಗೆ ಸುತ್ತ ನೋಡಿದ: ಕಪಾಟಿನ ಮೇಲಿನ ಗಾರೆಯ ಬಿಷಪ್ಪರು, ಒದ್ದೆ ಗೋಣಿ ಮುಚ್ಚಿದ ಮಣ್ಣು, ತಂತಿಯ ಉಪಕರಣಗಳು. ಒಂದೊಂದನ್ನೂ ಎತ್ತಿ, ಅಂಚನ್ನು ಬೆರಳಿಂದ ಸವರಿ, ಇದ್ದಲ್ಲೇ ಇಟ್ಟ.

"ನಂದೂ ಒಂದು ಮಾಡು," ಅಂದ.

ಅವಳಿಗೆ ಎದೆಯಿಂದ ಏನೋ ಇಳಿದಂತಾಯಿತು. ಇಷ್ಟೇ ತಾನೆ. ಕೇಳಬಹುದಾದ ಎಷ್ಟೋ ಇತ್ತು, ಇವನು ಕೇಳಿದ್ದು ಇದನ್ನು. "ಮಾಡ್ತೀನಿ. ಕಿಟಕಿ ಹತ್ತಿರ ಕೂತ್ಕೋ. ಬೆಳಕು ಚೆನ್ನಾಗಿದೆ," ಎಂದು ಗೋಣಿ ಸರಿಸಿ ಮಣ್ಣು ತೆಗೆದು ಹಲಗೆಗೆ ಬಡಿದಳು. ಕೈ ತೊಳೆದು ತಿರುಗಿದಾಗ ಅವನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅವಳಿಗೆ ಬೆನ್ನು ಹಾಕಿ ಕೂತಿದ್ದ.

"ಈ ಕಡೆ ತಿರುಗು ಹೋಬರ್ಟ್."

"ಅವನನ್ನ ಕೂರಿಸಿಕೊಂಡು ಮಾಡಿದ್ಯಾ?"

ಅವಳು ಹಲಗೆಯ ಮೇಲಿನ ಮಣ್ಣನ್ನು ಇನ್ನೊಮ್ಮೆ ಬಡಿದಳು.

"ಕೂರಿಸಿಕೊಂಡಿದ್ಯಾ ಅಂತ ಕೇಳಿದೆ."

"ಇಲ್ಲ."

"ಹಂಗಿದ್ರೆ ನನಗೂ ಹಂಗೇ. ನೋಡದೆ ಮಾಡು. ಅವಸರ ಇಲ್ಲ. ನಾನು ಕೂತಿರ್ತೀನಿ."

ಮಣ್ಣು ತಣ್ಣಗಿತ್ತು. ಹಣೆಯಿಂದ ಶುರು ಮಾಡೋಣವೆಂದು ಹೆಬ್ಬೆರಳು ಇಟ್ಟಳು. ಹೋಬರ್ಟ್‌ನ ಹಣೆ. ಟೋಪಿ ನೆನಪಾಯಿತು, ಕೆಂಪು ಚೌಕಳಿಯ ಬೇಟೆ ಟೋಪಿ, ಅದರ ಬೆವರಿನ ಗೆರೆ. ಕಣ್ಣು. ಯಾವ ಬಣ್ಣವೆಂದು ಗೊತ್ತಿತ್ತು, ಎಷ್ಟು ಆಳದಲ್ಲಿದೆಯೆಂದು ಗೊತ್ತಿರಲಿಲ್ಲ. ಮೂವತ್ತು ವರ್ಷದ ಮೇಲಾಗಿತ್ತು ಮದುವೆಯಾಗಿ. ಅವನ ಕೆಮ್ಮು ಗೊತ್ತು, ಮೆಟ್ಟಿಲ ಮೇಲಿನ ಹೆಜ್ಜೆ ಗೊತ್ತು, ಕೈಗೆ ಅಂಟಿದ ತೊಗಲಿನ ಹುಳಿವಾಸನೆ ಫ್ಯಾಕ್ಟರಿ ಮುಚ್ಚಿ ಎಷ್ಟು ದಿನಕ್ಕೆ ಹೋಯಿತೆಂದು ಗೊತ್ತು. ಮೂಗು? ಮೂಗಿನ ಬುಡದಲ್ಲಿ ಒಂದು ಗಂಟಿದೆಯಲ್ಲವೇ, ಇಲ್ಲ, ಅದು ಅವರಪ್ಪನ ಫೋಟೊದಲ್ಲಿರುವುದು. ಎದುರಿಗಿದ್ದದ್ದು ಬಿಳಿಯ ಕಾಲರು, ಕಾಲರಿನ ಮೇಲೆ ಅಡ್ಡಗೆರೆ ಬಿದ್ದ ಕತ್ತು, ಚಿಕ್ಕದಾಗಿ ಕತ್ತರಿಸಿದ ನರೆಗೂದಲು. ಅದನ್ನು ಅವಳು ಕಣ್ಣು ಮುಚ್ಚಿಕೊಂಡು ಮಾಡಬಲ್ಲಳು. ಹಲಗೆಯ ಮೇಲಿನ ಮಣ್ಣು ಮೊಟ್ಟೆಯ ಹಾಗೆ ನುಣ್ಣಗಿತ್ತು. ಅವಳ ಹೆಬ್ಬೆರಳು ಕೆನ್ನೆಯ ಜಾಗಕ್ಕೆ ಬಂದು, ಅಲ್ಲಿಂದ ತಾನಾಗಿಯೇ ಕೆಳಗೆ ಜಾರತೊಡಗಿತು, ದವಡೆಯ ಗುಂಟ, ಹಿಂದಕ್ಕೆ. ಎಲ್ಲಿಗೆ ಹೋಗುತ್ತಿದೆಯೆಂದು ತಿಳಿದೊಡನೆ ಕೈಯನ್ನು ಕಿತ್ತು ಎದೆಗೆ ಅವುಚಿಕೊಂಡಳು.

"ಎಲ್ಲೀತನಕ ಬಂತು?" ಗೋಡೆಯ ಕಡೆಯಿಂದ ಹೋಬರ್ಟ್ ಕೇಳಿದ.

"ಗದ್ದ," ಅಂದಳು. "ಗದ್ದ ಮಾಡ್ತಿದೀನಿ."

ಬೆನ್ನು ತಿರುಗಿಸಿಕೊಂಡೇ ಅವನು ಕೈಯೆತ್ತಿ, ತನ್ನ ಗದ್ದವನ್ನು ಮೆಲ್ಲಗೆ, ಪೂರ್ತಿಯಾಗಿ, ಕಿವಿಯಿಂದ ಕಿವಿಯವರೆಗೆ ಮುಟ್ಟಿ ನೋಡಿಕೊಂಡ.

"ಹೂಂ," ಅಂದ. "ಆಮೇಲೆ?"